ಎದುರಾಳಿಗಾಗಿ ಪ್ರಾರ್ಥನೆ

ಆ ಚರ್ಚಿನಲ್ಲಿ ಪ್ರತಿ ಚುನಾವಣೆಗೆ ಮೊದಲು ಒಂದು ಭಾನುವಾರ ಜಗಳಕ್ಕೆಂದೇ ಮೀಸಲು. ಆರಾಧನೆ ಮುಗಿದ ಮೇಲೆ ಎಲ್ಲರೂ ಹಿಂದಿನ ಹಾಲ್‌ಗೆ ಹೋಗುತ್ತಾರೆ, ಮಡಚುವ ಕುರ್ಚಿಗಳನ್ನು ಕಿರ್ರೆನ್ನಿಸಿ ಎಳೆದುಕೊಂಡು ಕೂರುತ್ತಾರೆ. ಸಭೆಯವರೇ ಇಬ್ಬರು ಎದ್ದು ನಿಂತು ಒಬ್ಬೊಬ್ಬರು ಒಂದೊಂದು ಕಡೆಗೆ ವಾದಿಸುತ್ತಾರೆ. ಅಭ್ಯರ್ಥಿಗಳನ್ನು ಒಳಗೆ ಬಿಡುವುದಿಲ್ಲ. ಬಾವುಟವಿಲ್ಲ, ಘೋಷಣೆಯಿಲ್ಲ. ವಾದ ಮುಗಿದ ಮೇಲೆ ಒಬ್ಬರಾದ ಮೇಲೆ ಒಬ್ಬರು ತಮ್ಮ ಎದುರಾಳಿಗಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡಬೇಕು. ಫಲಿತಾಂಶ ಬಂದ ನಂತರದ ಭಾನುವಾರ ಸೋತ ಕಡೆಯವನು ಗೆದ್ದ ಕಡೆಯವನಿಗಾಗಿ ಇನ್ನೊಮ್ಮೆ ಪ್ರಾರ್ಥಿಸಬೇಕು. ಇದನ್ನೆಲ್ಲ ಶುರು ಮಾಡಿದ್ದು ಹಳೇ ಪಾಸ್ಟರ್. ಅವರು ತೀರಿಕೊಂಡು ಬಹಳ ಕಾಲವಾಯಿತು. ಅವರ ಲೆಕ್ಕ ಸರಳ: ಯಾರಿಗಾಗಿ ಮಂಡಿಯೂರುತ್ತೀಯೋ ಅವನ ಕಾಲೆಳೆಯುವುದು ಕಷ್ಟ.

ಕಷ್ಟ ಅಂದಿದ್ದರು. ಆಗುವುದೇ ಇಲ್ಲ ಅಂದಿರಲಿಲ್ಲ.

ಈ ಸಲದ ನಗರಸಭೆ ಚುನಾವಣೆಗೆ ಹೊಸ ಪಾಸ್ಟರ್ ಇದು ಬೇಡ ಅಂದರು. ಕಾಲ ಸರಿಯಿಲ್ಲ, ಒಂದೇ ಬೆಂಚಿನಲ್ಲಿ ಕೂರುವವರು ಫೋನಿನಲ್ಲಿ ಒಬ್ಬರ ಮೇಲೊಬ್ಬರು ಕೆಸರು ಎರಚುತ್ತಿದ್ದಾರೆ, ಅದನ್ನು ಹಾಲ್‌ಗೂ ತರುವುದು ಯಾಕೆ ಅಂತ ಅವರ ಮಾತು. ಹಿರಿಯರ ಕಮಿಟಿಯಲ್ಲಿ ಪಾಸ್ಟರ್ ಮಾತನ್ನು ವಿರೋಧಿಸಿದ್ದು ಸಭೆಯವರ ಬಟ್ಟೆ ಹೊಲಿಯುವ ಟೈಲರ್ ಒಬ್ಬನೇ. ಟೀವಿಯಲ್ಲಿ ಚರ್ಚೆ ಅಂದರೆ ನಾಲ್ಕು ಜನ ಒಟ್ಟಿಗೆ ಕೂಗುವುದು, ಊರಲ್ಲಿ ಚರ್ಚೆ ಅಂದರೆ ಬೆನ್ನ ಹಿಂದೆ ಆಡಿಕೊಳ್ಳುವುದು. ಮನುಷ್ಯರ ಹಾಗೆ ಎದುರುಬದುರು ನಿಂತು ಮಾತಾಡಿ, ಕೊನೆಗೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ ಮಾಡುವುದು ನಮ್ಮಲ್ಲಿ ಮಾತ್ರ, ಅದನ್ನೂ ಬಿಟ್ಟರೆ ನಾವು ಊರಿನಿಂದ ಬೇರೆ ಹೇಗೆ ಅಂತ ಕೇಳಿದ. ಪಾಸ್ಟರ್ ಚಿಕ್ಕ ವಯಸ್ಸಿನವರು. ಸಂಪ್ರದಾಯ ಅನ್ನುವ ಮಾತು ಬಂದ ಕೂಡಲೇ ಸುಮ್ಮನಾದರು. ಹಾಗಾದರೆ ನೀವೇ ಒಂದು ಕಡೆ ನಿಲ್ಲಿ ಅಂದರು.

ಇನ್ನೊಂದು ಕಡೆಗೆ ನಿಂತದ್ದು ಅವನ ಅಕ್ಕನ ಗಂಡ.

ಭಾವ ಎಲೆಕ್ಟ್ರಿಷಿಯನ್. ಚರ್ಚಿನ ಫ್ಯಾನು, ದೀಪ, ಮೈಕು ಎಲ್ಲ ಅವರ ಕೈಯಲ್ಲೇ ಆದದ್ದು. ಮಾತು ಕಡಿಮೆ, ಆಡಿದರೆ ನೇರ. ಟೈಲರ್ ಅಂಗಡಿಯ ವೈರಿಂಗೂ ಅವರದೇ. ಆ ವೈರಿಂಗಿನ ಮೇಲೆ ಸಭೆಯಲ್ಲಿ ಒಂದು ಹಳೇ ಜೋಕಿದೆ. ಹಿಂದೊಮ್ಮೆ ಗಾಯಕರಿಗಾಗಿ ಹೊಲಿದಿಟ್ಟಿದ್ದ ಬಿಳಿ ನಿಲುವಂಗಿಗಳೆಲ್ಲ ಟೈಲರ್ ಅಂಗಡಿಯಲ್ಲಿ ಸುಟ್ಟು ಹೋಗಿದ್ದವು. ವೈರಿಂಗ್ ಹಳೇದಾಗಿತ್ತು, ನಾನು ನೋಡಬೇಕಿತ್ತು ಅಂತ ಭಾವ ಎಲ್ಲರ ಮುಂದೆ ಹೇಳಿದ್ದರು. ವೈರಿಂಗಿಗೆ ಏನೂ ಆಗಿರಲಿಲ್ಲ. ಟೈಲರ್ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸದೆ ಬೀಗ ಹಾಕಿಕೊಂಡು ಹೋಗಿದ್ದ. ಅದು ಇಬ್ಬರಿಗೇ ಗೊತ್ತು. ಅವತ್ತಿನಿಂದ ಹಾಲ್‌ನಲ್ಲಿ ದೀಪ ಮಿಣುಕಿದರೆ ಸಾಕು, ಯಾರಾದರೂ ಒಬ್ಬರು ನಿಲುವಂಗಿ ಜೋಪಾನ ಅನ್ನುತ್ತಾರೆ. ಭಾವನೂ ನಗುತ್ತಾರೆ, ಟೈಲರೂ ನಗುತ್ತಾನೆ.

ಚುನಾವಣೆಯಲ್ಲಿ ವಿಷಯಗಳು ಹತ್ತಾರಿದ್ದರೂ ಜನರ ಬಾಯಲ್ಲಿದ್ದದ್ದು ಒಂದೇ. ಹಳೇ ಬಸ್ ಡಿಪೋ ಪಕ್ಕದ ಕುಡಿತ ಬಿಡಿಸುವ ಕೇಂದ್ರ. ಅದನ್ನು ಮುಚ್ಚಿ ಆ ಜಾಗದಲ್ಲಿ ಅಂಗಡಿ ಸಾಲು ಕಟ್ಟುತ್ತೇವೆ ಅಂತ ಒಂದು ಪಕ್ಷ, ಬಿಡುವುದಿಲ್ಲ ಅಂತ ಇನ್ನೊಂದು. ಭಾವ ಮುಚ್ಚುವ ಕಡೆ. ಟೈಲರ್ ಉಳಿಸುವ ಕಡೆ.

ಹೀಗೆ ನಿಂತದ್ದರಲ್ಲಿ ಒಂದು ತೊಡಕಿತ್ತು. ಭಾವನ ಒಬ್ಬನೇ ಮಗ ಅದೇ ಕೇಂದ್ರದಲ್ಲಿದ್ದು ಬಂದವನು. ಊರಿಗೆಲ್ಲ ಅವನು ದೂರದಲ್ಲಿ ಮೋಟಾರು ಕೆಲಸದ ತರಬೇತಿಗೆ ಹೋಗಿದ್ದಾನೆ ಅಂತ ಹೇಳಿದ್ದರು. ಅವನನ್ನು ಅಲ್ಲಿಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟದ್ದು ಸೋದರಮಾವ ಟೈಲರೇ. ಭಾವ ಅವತ್ತು ಮನೆಯ ಹೊಸ್ತಿಲು ದಾಟಿರಲಿಲ್ಲ. ಸ್ಕೂಟರ್ ಹೊರಡುವಾಗ ಕಿಟಕಿಯಿಂದ ಒಂದೇ ಮಾತು ಹೇಳಿದ್ದರು: "ಇದು ನಿನ್ನ ಹೊಟ್ಟೇಲಿ ಇರಲಿ." ಟೈಲರ್ ತಲೆಯಾಡಿಸಿದ್ದ.

ಸೋದರಳಿಯ ಕುಡಿತ ಬಿಟ್ಟು ಬಂದ. ಈಗಲೂ ಗುರುವಾರ ಸಂಜೆ ಕೇಂದ್ರದ ಹಿಂದಿನ ಕೋಣೆಯಲ್ಲಿ ಬಿಟ್ಟವರೆಲ್ಲ ಸುತ್ತ ಕೂತು ಮಾತಾಡುವ ಕೂಟಕ್ಕೆ ಹೋಗುತ್ತಿದ್ದ. ಹತ್ತಿರದ ಶಾಲೆಯ ವ್ಯಾನು ಓಡಿಸುವ ಕೆಲಸ ಸಿಕ್ಕಿತ್ತು. ಡ್ರೈವರ್‌ಗಳ ನೀಲಿ ಶರ್ಟು ಹೊಲಿಯುವುದು ಟೈಲರ್ ಅಂಗಡಿಯಲ್ಲೇ. ಅಳಿಯನ ಅಳತೆ ತೆಗೆಯುವಾಗ ಮಾವ ಬೇಕೆಂದೇ ಭುಜಕ್ಕೆ ಒಂದು ಬೆರಳಷ್ಟು ಜಾಸ್ತಿ ಬಿಟ್ಟಿದ್ದ, ಮೈ ತುಂಬಿಕೊಳ್ಳುತ್ತಾನೆ ಅಂತ. ತುಂಬಿಕೊಂಡಿದ್ದ. ಭಾನುವಾರ ಶಾಲೆಯ ಒಪ್ಪಿಗೆಯಿಂದ ಅದೇ ವ್ಯಾನಿನಲ್ಲಿ ನಡೆಯಲಾರದ ಮುದುಕರನ್ನು ಚರ್ಚಿಗೆ ಕರೆತಂದು ಮತ್ತೆ ಮನೆಗೆ ಬಿಡುತ್ತಿದ್ದ. ಮುದುಕಿಯರು ಅವನಿಗೆ ಹೆಣ್ಣು ಹುಡುಕುವ ಕೆಲಸವನ್ನೂ ಶುರು ಮಾಡಿದ್ದರು.

ಅಂಥ ಮಗನ ಅಪ್ಪ ಕೇಂದ್ರ ಮುಚ್ಚಬೇಕು ಅಂತ ಯಾಕೆ ನಿಂತರು ಅಂದರೆ ಅದಕ್ಕೆ ಕಾರಣ ಒಂದಲ್ಲ. ಅವರ ಜೊತೆ ಕೆಲಸ ಮಾಡುವವರೆಲ್ಲ ಆ ಪಕ್ಷದವರು. ಜೊತೆಗೆ, ಕೇಂದ್ರದ ಹೆಸರು ಬಂದಾಗ ಸುಮ್ಮನಿದ್ದರೆ ಯಾರಿಗಾದರೂ ಅನುಮಾನ ಬಂದೀತು ಅನ್ನುವ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ಮಗ ಉಳಿದದ್ದು ತನ್ನ ಹೆಂಡತಿಯ ಉಪವಾಸ ಪ್ರಾರ್ಥನೆಯಿಂದ, ಡಿಪೋ ಪಕ್ಕದ ಆ ಶೀಟಿನ ಕಟ್ಟಡದಿಂದಲ್ಲ ಅಂತ ಅವರು ನಿಜವಾಗಿ ನಂಬಿದ್ದರು. ಇದನ್ನು ಟೈಲರ್ ಆಮೇಲೆ, ತುಂಬ ತಡವಾಗಿ, ಅರ್ಥ ಮಾಡಿಕೊಂಡ. ಆಗ ಅವನಿಗೆ ಕಂಡದ್ದು ಸುಳ್ಳು ಮಾತ್ರ.

ಆ ಭಾನುವಾರ ಹಾಲ್ ತುಂಬಿತ್ತು. ರಿಟೈರಾದ ನರ್ಸಮ್ಮ ಯಾವತ್ತಿನಂತೆ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಗಂಟೆ ಇಟ್ಟುಕೊಂಡು. ಹೊತ್ತು ಮೀರಿದರೆ ಬಾರಿಸುವುದು ಅವರ ಕೆಲಸ. ಮಾತು ಮುಗಿದರೂ ನಿಲ್ಲಿಸದವರು ಪಾಸ್ಟರ್‌ಗಳು ಮಾತ್ರ, ಅವರಿಗೆ ಬಾರಿಸುವಂತಿಲ್ಲವಲ್ಲ ಅಂತ ಪಾಸ್ಟರ್ ಎದುರೇ ಹೇಳಿ ನಗಿಸಿದರು. ಭಾವ ಮೈಕ್ ಸರಿ ಮಾಡಲು ಬಗ್ಗಿದಾಗ ಅದು ಗೊರ್ರೆಂದಿತು. "ನಿಲುವಂಗಿ ಜೋಪಾನ" ಅಂದರು ನರ್ಸಮ್ಮ. ಹಾಲ್ ನಕ್ಕಿತು. ಟೈಲರೂ ನಕ್ಕ.

ಭಾವ ಮೊದಲು ಮಾತಾಡಿದರು. ಚೆನ್ನಾಗಿ ಮಾತಾಡಿದರು. ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ದೀಪವಿಲ್ಲ, ಹೆಣ್ಣುಮಕ್ಕಳು ಕೆಲಸ ಮುಗಿಸಿ ಬರುವಾಗ ಫೋನಿನ ಬೆಳಕು ಹಿಡಿದುಕೊಂಡು ಬರುತ್ತಾರೆ. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ. ಬೆವರು ಸುರಿಸಿ ದುಡಿಯುವವನಿಗೆ ಏನೂ ಇಲ್ಲ, ಕುಡಿದು ಬಿದ್ದವನಿಗೆ ಹಾಸಿಗೆ, ಊಟ, ಫ್ಯಾನು. ಒಳಗೆ ಹೋದವರಲ್ಲಿ ಅರ್ಧ ಜನ ಮತ್ತೆ ಅಲ್ಲಿಗೇ ಬರುತ್ತಾರೆ. ಹೀಗೆ ಹೇಳಿ, ದನಿ ಇಳಿಸಿದರು.

"ಕುಡಿತ ಬಿಡಿಸೋದು ಕಟ್ಟಡ ಅಲ್ಲ. ಮನೆಯವರ ಕಣ್ಣೀರು, ದೇವರ ಕೃಪೆ. ಇದು ನನಗೆ ಗೊತ್ತು."

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಅಳಿಯ, ವ್ಯಾನಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ನೆಲ ನೋಡುತ್ತಿದ್ದ.

ಟೈಲರ್ ಸರದಿ ಬಂತು. ಸತ್ಯ ತನ್ನ ಕಡೆ ಇದ್ದರೂ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲದವನ ಮಾತು ಸಪ್ಪೆಯಾಗಿತ್ತು. ಅವನು ಪೇಪರಿನಲ್ಲಿ ಓದಿದ್ದನ್ನೇ ಹೇಳಿದ. ಸಮಾಜ, ಜವಾಬ್ದಾರಿ, ಕಳೆದುಹೋದ ಕುರಿ ಅಂದ. ಎರಡನೇ ಸಾಲಿನಲ್ಲಿ ಒಬ್ಬರು ಆಕಳಿಸಿದರು, ಅದು ಸೋಂಕಿನ ಹಾಗೆ ಮೂರನೇ ಸಾಲಿಗೂ ಹರಡಿತು. ನರ್ಸಮ್ಮ ಗಂಟೆ ಬಾರಿಸಿದರು. ತಾನು ಸೋತೆ ಅಂತ ಅವನಿಗೆ ಗೊತ್ತಾಯಿತು.

ಉಳಿದದ್ದು ಪ್ರಾರ್ಥನೆ. ಭಾವ ತಮ್ಮ ಭಾಮೈದನಿಗೆ ಆರೋಗ್ಯ ಕೊಡು, ಅವನ ಕಣ್ಣಿನ ದೃಷ್ಟಿ ಕಾಪಾಡು, ಅವನ ಮಿಶಿನು ನಿಲ್ಲದ ಹಾಗೆ ನೋಡಿಕೋ ಅಂತ ಮೂರೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಟೈಲರ್ ಮೈಕ್ ಹಿಡಿದ. ಎಲ್ಲರೂ ತಲೆ ಬಗ್ಗಿಸಿದರು. ಅವನೂ ಕಣ್ಣು ಮುಚ್ಚಿದ. ಭಾವನಿಗಾಗಿ, ಅಕ್ಕನಿಗಾಗಿ, ಅವರ ಮನೆಗಾಗಿ ಬೇಡಿಕೊಂಡ. ದನಿ ತಾನಾಗಿ ತುಂಬಿ ಬಂತು. ಆಕಳಿಸುತ್ತಿದ್ದ ಹಾಲ್ ಈಗ ತನ್ನ ಮಾತು ಕೇಳುತ್ತಿದೆ ಅನ್ನುವುದು ಕಣ್ಣು ಮುಚ್ಚಿದ್ದರೂ ಅವನಿಗೆ ತಿಳಿಯುತ್ತಿತ್ತು.

"ಕರ್ತನೇ, ಅವರ ಮಗನನ್ನ ಆ ಕೇಂದ್ರದ ಬಾಗಿಲಿನಿಂದ ಒಳಗೆ ಕರ್ಕೊಂಡು ಹೋದವನು ನೀನೇ. ಕುಡಿತದಿಂದ ಬಿಡಿಸಿ ಹೊಸ ಮನುಷ್ಯನಾಗಿ ಹೊರಗೆ ಕಳಿಸಿದವನೂ ನೀನೇ. ಅದಕ್ಕೆ ನಿನಗೆ ಸ್ತೋತ್ರ. ಆ ಬಾಗಿಲು ಇನ್ನೊಬ್ಬರ ಮಗನಿಗೆ ಮುಚ್ಚದ ಹಾಗೆ ಮಾಡು. ನನ್ನ ಭಾವನ ಕಣ್ಣು ತೆರೆಸು. ಆಮೆನ್."

ಪ್ರಾರ್ಥನೆಗೆ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ಎದ್ದು ಹೋಗುವಂತಿಲ್ಲ. ಸಭೆಯವರು ರೂಢಿಯಂತೆ ಆಮೆನ್ ಅಂದರು. ಅಂದ ಮೇಲೆ ಏನು ಕೇಳಿಸಿಕೊಂಡೆವು ಅನ್ನುವುದು ಅವರ ತಲೆಗೆ ಹೋಯಿತು. ಅಕ್ಕ ಕಣ್ಣು ತೆರೆದು ತಮ್ಮನನ್ನು ನೋಡಿದಳು. ಚಿಕ್ಕಂದಿನಲ್ಲಿ ಅವನು ಬಿದ್ದು ಮಂಡಿ ಒಡೆದುಕೊಂಡಾಗ ಹೀಗೇ ನೋಡುತ್ತಿದ್ದಳು, ಬೈಯಬೇಕೋ ಎತ್ತಿಕೊಳ್ಳಬೇಕೋ ತಿಳಿಯದೆ. ಭಾವ ಮೈಕಿನ ವೈರನ್ನು ಸುತ್ತಿ, ಮೊಳೆಗೆ ನೇತು ಹಾಕಿ, ಹೊರಗೆ ಹೋದರು.

ಹೊರಗೆ ವ್ಯಾನಿನ ಬಾಗಿಲು ತೆರೆದಿತ್ತು. ಅಳಿಯ ಪಕ್ಕದಲ್ಲಿ ನಿಂತಿದ್ದ. ಕೈಕೋಲು ಹಿಡಿದ ಮುದುಕರಿಗೆಲ್ಲ ಅವತ್ತು ಇದ್ದಕ್ಕಿದ್ದಂತೆ ನಡೆಯುವ ಹುಮ್ಮಸ್ಸು ಬಂತು. ಗಾಳಿ ಚೆನ್ನಾಗಿದೆ ಅಂದರು ಒಬ್ಬರು. ಡಾಕ್ಟರ್ ನಡೀರಿ ಅಂದಿದ್ದಾರೆ ಅಂದರು ಇನ್ನೊಬ್ಬರು. ಮತ್ತೊಬ್ಬರು ಅವನ ಕೆನ್ನೆ ತಟ್ಟಿ, ನಿನಗಾಗಿ ಪ್ರಾರ್ಥನೆ ಮಾಡ್ತೀನಿ ಮಗನೇ ಅಂತ ಹೇಳಿ ಮಗಳ ಕೈ ಹಿಡಿದುಕೊಂಡು ಬಿಸಿಲಲ್ಲಿ ಹೊರಟರು. ನರ್ಸಮ್ಮ ಮಾತ್ರ ಮುಂದಿನ ಸೀಟಿಗೆ ಹತ್ತಿ ಕೂತರು.

"ನಡಿಯೋ. ನನಗೆ ಮಂಡಿ ನೋವು. ನೀನು ಕುಡಿದಿದ್ರೆ ವಾಸನೆ ಮೊದಲು ನನ್ನ ಮೂಗಿಗೇ ಹೊಡೀತಿತ್ತು."

ವ್ಯಾನು ಒಬ್ಬರನ್ನೇ ಕೂರಿಸಿಕೊಂಡು ಹೋಯಿತು.

ಟೈಲರ್‌ಗೆ ಹಾಲ್‌ನಲ್ಲಿ ಕೈ ಕುಲುಕಿದವರು ಕಡಿಮೆಯೇನಿರಲಿಲ್ಲ. ಕಣ್ಣಲ್ಲಿ ನೀರು ಬಂತು ಅಂದರು. ಇದುವರೆಗೆ ನಾವು ಆ ಕೇಂದ್ರದ ಬಗ್ಗೆ ತಪ್ಪು ತಿಳಿದಿದ್ದೆವು ಅಂದರು. ಅವರ ಮತ ಆ ಕಡೆಯಿಂದ ಈ ಕಡೆಗೆ ಬಂದಿತ್ತು, ಸುಳ್ಳಲ್ಲ. ಮನೆಗೆ ಬಂದು ಶೂ ಬಿಚ್ಚುವಾಗ ಹೆಂಡತಿ ಬಾಗಿಲಲ್ಲೇ ನಿಂತು, ನೀವು ಅದನ್ನು ಹೇಳಬೇಕು ಅಂತ ಮೊದಲೇ ಅಂದುಕೊಂಡು ಹೋಗಿದ್ದಿರಾ ಅಂತ ಕೇಳಿದಳು. ಇಲ್ಲ, ಬಾಯಿಗೆ ಬಂತು, ದೇವರು ಹೇಳಿಸಿದ ಅಂದ. ಅವಳು ಅಡುಗೆಮನೆಗೆ ತಿರುಗಿ, ಬೆನ್ನು ಹಾಕಿಕೊಂಡೇ ಹೇಳಿದಳು: "ದೇವರ ತಲೆಗೆ ಕಟ್ಟಬೇಡಿ. ಅವರಿಗೆ ಬೇಕಾದಷ್ಟು ಕೆಲಸ ಇದೆ."

ಎರಡೇ ದಿನದಲ್ಲಿ ಶಾಲೆಯವರು ಅಳಿಯನಿಂದ ವ್ಯಾನಿನ ಕೀಲಿ ವಾಪಸು ತಗೊಂಡರು. ಟೈಲರ್ ಅಂಗಡಿಗೆ ಬೀಗ ಹಾಕಿ ಶಾಲೆಗೆ ಓಡಿದ. ಹೆಡ್‌ಮಿಸ್ಟ್ರೆಸ್ ಅವನಿಗೆ ಪರಿಚಯದವರೇ. ಪ್ರತಿ ವರ್ಷ ಯೂನಿಫಾರ್ಮ್ ವಿಷಯಕ್ಕೆ ಜಗಳ ಆಡುವವರು. ಕೂರಿಸಿ ನೀರು ಕೊಟ್ಟರು. ಹುಡುಗನ ಮೇಲೆ ಒಂದು ದೂರೂ ಇರಲಿಲ್ಲ, ಮಕ್ಕಳಿಗೆ ಅವನೆಂದರೆ ಜೀವ ಅಂದರು. ಟೈಲರ್ ತಾನೇ ಜವಾಬ್ದಾರಿ ಬರೆದು ಕೊಡುತ್ತೇನೆ ಅಂದ. ಅವನು ಒಂದು ತೊಟ್ಟೂ ಮುಟ್ಟುತ್ತಿಲ್ಲ, ಗುರುವಾರ ತಪ್ಪದೆ ಕೂಟಕ್ಕೆ ಹೋಗುತ್ತಾನೆ, ಬೇಕಾದರೆ ಕೇಂದ್ರದವರನ್ನೇ ಕೇಳಿ ಅಂದ. ಅಂದ ಮೇಲೆ ಅದೂ ಅವರಿಗೆ ಗೊತ್ತಿರದ ಸಂಗತಿ ಅಂತ ಹೊಳೆದು ಬಾಯಿ ಮುಚ್ಚಿದ.

"ನೋಡಿ, ಪೋಷಕರು ಬಂದಿದ್ರು" ಅಂದರು ಅವರು. "ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಎಲ್ಲರೂ ಅವನಿಗಾಗಿ ಪ್ರಾರ್ಥನೆ ಮಾಡ್ತಿದ್ದಾರಂತೆ. ವ್ಯಾನಿನಲ್ಲಿ ಮಾತ್ರ ಬೇಡವಂತೆ."

ಅವನು ಏನೋ ಹೇಳಲು ಹೋದ. ಅವರು ಮೇಜಿನ ಮೇಲಿನ ಗಾಜಿನ ಪೇಪರ್‌ವೇಟನ್ನು ಒಮ್ಮೆ ತಿರುಗಿಸಿ, ನೀವು ಪ್ರಾರ್ಥನೆಯಲ್ಲಿ ಹೇಳಿದ್ದು ನಿಜ ತಾನೇ ಅಂತ ಕೇಳಿದರು. ನಿಜ. ಸುಳ್ಳು ಅಂತ ಹೇಳಿ ಬಿಡಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಗೇಟಿನ ಹತ್ತಿರ ಬಂದಾಗ ಅನ್ನಿಸಿತು. ಚಾಡಿ ಸುಳ್ಳಾಗಿದ್ದರೆ ವಾಪಸು ತಗೋಬಹುದು. ನಿಜವಾಗಿದ್ದರೆ ಎಲ್ಲಿಗೆ ತಗೊಂಡು ಹೋಗುವುದು?

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಅವನು ಮೂಲೆಯಲ್ಲಿ ಕೂತು ಬೇರೆಯವರ ಮಾತು ಕೇಳಿದ. ವರ್ಷಗಟ್ಟಲೆ ಕೇಳಿದ್ದ ಮಾತುಗಳೇ. ಇಂಥವರ ಮನೆಯ ಸಮಾಧಾನಕ್ಕಾಗಿ, ಇಂಥವರ ಮಗಳ ಮನಸ್ಸು ತಿರುಗುವುದಕ್ಕಾಗಿ, ಕೆಲಸ ಕಳೆದುಕೊಂಡ ಇಂಥ ಸಹೋದರನ ಪಶ್ಚಾತ್ತಾಪಕ್ಕಾಗಿ. ಕಣ್ಣು ತೆರೆದುಕೊಂಡು ಆಡಿದರೆ ಇದನ್ನೇ ಬಾವಿಕಟ್ಟೆ ಮಾತು ಅನ್ನುತ್ತಾರೆ. ನಾವು ಊರಿನಿಂದ ಬೇರೆ ಹೇಗೆ ಅಂತ ಅವನು ಕಮಿಟಿಯಲ್ಲಿ ಕೇಳಿದ್ದ. ಹೀಗೆ ಅಂತ ಉತ್ತರ ಸಿಕ್ಕಿತು: ಊರಿನವರು ಆಡಿಕೊಂಡು ಮುಗಿಸುತ್ತಾರೆ, ನಾವು ಆಮೆನ್ ಹೇಳಿ ಮುಗಿಸುತ್ತೇವೆ. ಆದರೂ ಹಿಂದೆ ಅವನ ಮಗಳು ಆಸ್ಪತ್ರೆಯಲ್ಲಿದ್ದಾಗ ಇದೇ ಜನ ಸರದಿಯ ಮೇಲೆ ಊಟ ತಂದುಕೊಟ್ಟಿದ್ದರು. ಎರಡೂ ಒಂದೇ ಬಾಯಿ. ಅದನ್ನು ಬಿಡಿಸಿ ಬೇರೆ ಮಾಡುವ ಕತ್ತರಿ ಅವನಲ್ಲಿರಲಿಲ್ಲ.

ಭಾವ ಮನೆಯಲ್ಲಿ ಸಿಗುತ್ತಿರಲಿಲ್ಲ, ಅಥವಾ ಇದ್ದರೂ ಇಲ್ಲ ಅನ್ನಿಸಿಕೊಳ್ಳುತ್ತಿದ್ದರು. ಕೊನೆಗೆ ಅವರು ಕೆಲಸ ಮಾಡುತ್ತಿದ್ದ ಕಡೆಗೇ ಹೋದ. ಅರ್ಧ ಕಟ್ಟಿದ ಮನೆ, ಕಿಟಕಿಗೆ ಇನ್ನೂ ಚೌಕಟ್ಟು ಕೂಡಿಸಿರಲಿಲ್ಲ. ಭಾವ ಏಣಿಯ ಮೇಲೆ ನಿಂತು ಗೋಡೆಯೊಳಗಿನ ಪೈಪಿನಲ್ಲಿ ವೈರು ಎಳೆಯುತ್ತಿದ್ದರು. ಕೆಳಗಿನಿಂದ ವೈರು ತಳ್ಳಲು ಯಾರೂ ಇರಲಿಲ್ಲ. ಟೈಲರ್ ಕೇಳದೆಯೇ ಕೆಳಗೆ ಕುಕ್ಕರುಗಾಲಲ್ಲಿ ಕೂತು ವೈರು ತಳ್ಳತೊಡಗಿದ. ಸ್ವಲ್ಪ ಹೊತ್ತು ಹಾಗೇ ನಡೆಯಿತು. ಒಬ್ಬರು ತಳ್ಳುವುದು, ಒಬ್ಬರು ಎಳೆಯುವುದು.

ತಪ್ಪಾಯ್ತು ಭಾವ ಅಂದ. ಮೇಲೆ ಭಾವ ವೈರು ಎಳೆಯುತ್ತಲೇ ಇದ್ದರು. ಮುಂದಿನ ಭಾನುವಾರ ಎಲ್ಲರೆದುರು ನಿಂತು ಕ್ಷಮೆ ಕೇಳುತ್ತೇನೆ, ಇಸ್ತ್ರಿ ಪೆಟ್ಟಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ ಅಂದ. ಆಗ ವೈರು ನಿಂತಿತು.

"ನೀನು ಇನ್ನು ಎಲ್ಲರೆದುರು ಏನನ್ನೂ ಹೇಳ್ಬೇಡ" ಅಂದರು ಭಾವ. "ನಿನ್ನ ಭಾರ ಇಳಿಸ್ಕೊಳ್ಳೋಕೆ ನನ್ನನ್ನ ಮತ್ತೆ ಹಾಲ್‌ಲಿ ನಿಲ್ಲಿಸ್ಬೇಡ. ಇಸ್ತ್ರಿ ಪೆಟ್ಟಿಗೆ ನಾನು ಹೊಟ್ಟೇಲಿ ಇಟ್ಕೊಂಡಿದ್ದು. ಇದ್ದುಕೊಳ್ಳಲಿ. ಕೆಲವರ ಹೊಟ್ಟೆ ಗಟ್ಟಿ ಇರುತ್ತೆ."

ಟೈಲರ್ ತಲೆ ಎತ್ತಲಿಲ್ಲ.

"ವಾದದಲ್ಲೇ ನನ್ನ ಮುಖಕ್ಕೆ ಹೇಳಿದ್ರೆ ಕೆನ್ನೆಗೆ ಎರಡು ಬಿಡ್ತಿದ್ದೆ. ಊರು ನಗ್ತಿತ್ತು, ಮುಗಿದು ಹೋಗ್ತಿತ್ತು. ನೀನು ಕಣ್ಣು ಮುಚ್ಕೊಂಡು ಹೇಳಿದೆ. ಕಣ್ಣು ಮುಚ್ಕೊಂಡು ನಿಂತವನನ್ನ ಹೊಡೆಯೋದು ಹೇಗಯ್ಯಾ?"

ಆಮೇಲೆ ವೈರು ಮತ್ತೆ ಅಲುಗಿತು. ತುದಿ ಸಿಕ್ಕುವವರೆಗೆ ಟೈಲರ್ ತಳ್ಳಿದ. ಸಿಕ್ಕಿದ ಮೇಲೆ ಭಾವ ಸಾಕು ಅಂದರು. ಅವನು ಪ್ಯಾಂಟಿನ ಸಿಮೆಂಟು ಕೊಡವಿಕೊಂಡು ಬಂದ.

ಚುನಾವಣೆ ಆಯಿತು. ಟೈಲರ್ ಕಡೆಯವರು ಗೆದ್ದರು. ಕೇಂದ್ರ ಉಳಿಯಿತು, ಅದರ ಗೋಡೆಗೆ ಬಣ್ಣ ಹೊಡೆಸುತ್ತಾರಂತೆ ಅಂತಲೂ ಸುದ್ದಿ ಬಂತು. ಫಲಿತಾಂಶ ಬಂದ ದಿನ ಮಧ್ಯಾಹ್ನ ಬೀದಿಯಲ್ಲಿ ಪಟಾಕಿ ಸದ್ದು ಕೇಳಿಸುತ್ತಿದ್ದಾಗ ಅಳಿಯ ಅಂಗಡಿಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಮೇಜಿನ ಮೇಲೆ ಇಟ್ಟು ಬಿಚ್ಚಿದ. ಒಗೆದು ಮಡಚಿದ ನೀಲಿ ಶರ್ಟುಗಳು.

ಹೊಸ ಡ್ರೈವರ್ ಬಂದಿದ್ದಾನೆ, ಸ್ವಲ್ಪ ದಪ್ಪ, ಇದನ್ನೇ ಬಿಚ್ಚಿ ಅಗಲ ಮಾಡಿಕೊಡಬೇಕಂತೆ ಅಂದ. ಶಾಲೆಯವರು ಅವನನ್ನು ಪೂರ್ತಿ ಬಿಟ್ಟಿರಲಿಲ್ಲ. ತೋಟಕ್ಕೆ ನೀರು ಬಿಡುವುದು, ಬೆಂಚು ರಿಪೇರಿ, ಇಂಥದ್ದಕ್ಕೆ ಇಟ್ಟುಕೊಂಡಿದ್ದರು. ಅಂಗಡಿಗೆ ಹೋಗಿ ಬರುವ ಕೆಲಸವೂ ಈಗ ಅವನದೇ.

ಟೈಲರ್ ಶರ್ಟಿನ ಒಳಮೈ ಹೊರಗೆ ಮಾಡಿದ. ತಾನೇ ಹಾಕಿದ ಹೊಲಿಗೆ. ಪಕ್ಕದ ಹೊಲಿಗೆಯಲ್ಲಿ ಬಿಡಿಸಲು ಬಟ್ಟೆ ಇನ್ನೂ ಇತ್ತು. ಅಳಿಯ ಮುಂದೆ ಮದುವೆಯಾಗಿ ಹೊಟ್ಟೆ ಬಂದರೆ ಅಂತ ಬಿಟ್ಟಿದ್ದ. ಬ್ಲೇಡು ತಗೊಂಡು ಒಂದೊಂದೇ ಎಳೆ ಕತ್ತರಿಸಿದ. ಅಳಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಕುತ್ತಿಗೆ ತೆಳ್ಳಗಾಗಿತ್ತು. ಅಷ್ಟನ್ನು ನೋಡಲು ಟೇಪು ಬೇಕಿರಲಿಲ್ಲ.

ಗುರುವಾರ ಹೋಗ್ತಿದ್ದೀಯಾ ಅಂತ ಕೇಳಿದ ಮಾವ. ಅಲ್ಲಿಗೆ ಹೋಗುವುದು ಬಿಟ್ಟೆ ಅಂದ ಅಳಿಯ. ಕೇಂದ್ರದ ಎದುರು ಚಹಾ ಅಂಗಡಿಯಲ್ಲಿ ಕೂತವರು ಈಗ ಯಾರು ಒಳಗೆ ಹೋಗುತ್ತಾರೆ ಅಂತ ಎಣಿಸುತ್ತಾರೆ. ಅವನ ದೆಸೆಯಿಂದ ಉಳಿದವರೂ ಹಿಂದಿನ ಬಾಗಿಲಿಂದ ಬರುವ ಹಾಗಾಯಿತು, ಅದಕ್ಕೆ ತಾನೇ ಬಿಟ್ಟ.

ಬ್ಲೇಡು ನಿಂತಿತು. ಮಾವನ ಮುಖ ನೋಡಿ ಅಳಿಯ, ಕುಡಿದಿಲ್ಲ, ಹೆದರಬೇಡಿ ಅಂದ. ಇನ್ನೊಂದು ಊರಿನಲ್ಲಿ ಅಂಥದ್ದೇ ಕೂಟ ಇದೆ, ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎಲ್ಲ ವಾರ ಆಗುವುದಿಲ್ಲ. ಆದ ವಾರ ಹೋಗುತ್ತೇನೆ.

ನಾನೂ ಜೊತೆಗೆ ಬರ್ತೀನಿ, ಸ್ಕೂಟರಿನಲ್ಲಿ ಕರ್ಕೊಂಡು ಹೋಗ್ತೀನಿ, ಎಲ್ಲಿ ಹೇಳು ಅಂದ ಟೈಲರ್. ಆತುರದಲ್ಲಿ ಶರ್ಟು ತೊಡೆಯಿಂದ ಜಾರಿತು.

ಅಳಿಯ ಬಗ್ಗಿ ಅದನ್ನೆತ್ತಿ ಮೇಜಿನ ಮೇಲಿಟ್ಟ.

"ಎಲ್ಲಿ ಅಂತ ನಿಮಗೆ ಹೇಳಲ್ಲ ಮಾವ."

ಕೋಪದಲ್ಲಿ ಹೇಳಿದ್ದಲ್ಲ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದ. ಆಮೇಲೆ, ಅಷ್ಟಕ್ಕೇ ತನಗೂ ಸಮಾಧಾನ ಆಗದೆ, ಇನ್ನೊಂದು ಮಾತು ಸೇರಿಸಿದ. ಅಪ್ಪ ಕಟ್ಟಡದಿಂದ ಅಲ್ಲ ಅಂದರು, ನೀವು ಕಟ್ಟಡದಿಂದ ಅಂದಿರಿ. ಅವತ್ತು ಅಲ್ಲಿ ಬಿಟ್ಟು ಹೋದ ಮೇಲೆ ಮೊದಲನೇ ವಾರ ನಾನು ಎರಡು ಸಲ ಕಾಂಪೌಂಡು ಹಾರಲು ಹೋಗಿದ್ದೆ. ಹಾರದೆ ಇದ್ದದ್ದು ಯಾಕೆ ಗೊತ್ತಾ, ಮನೆಯ ಹೊರಗೆ ಮಾವ ಒಬ್ಬರಿಗೆ ಗೊತ್ತಿದೆ, ಅವರಿಗೆ ಮುಖ ತೋರಿಸಬೇಕಲ್ಲ ಅಂತ. ಅಷ್ಟೇ ಸಾಕಾಗಿತ್ತು.

ಇಷ್ಟು ಹೇಳಿ ಶನಿವಾರಕ್ಕೆ ಶರ್ಟು ಬೇಕಂತೆ ಅಂದು ಹೋದ. ಹೊರಗೆ ಗೆದ್ದವರ ಮೆರವಣಿಗೆ ಬರುತ್ತಿತ್ತು. ಯಾರೋ ಅಂಗಡಿಯೊಳಗೆ ಇಣುಕಿ, ಟೈಲರ್ ಸಾಹೇಬ್ರೇ ನಿಮ್ಮ ಕಡೆ ಗೆದ್ದಿದೆ, ಹೊರಗೆ ಬನ್ನಿ ಅಂದರು. ಕೆಲಸ ಇದೆ ಅಂದ.

ನಂತರದ ಭಾನುವಾರ ಸೋತ ಕಡೆಯವನ ಸರದಿ. ಭಾವ ವಾದದ ದಿನದಿಂದ ಚರ್ಚಿಗೆ ಕಾಲಿಟ್ಟಿರಲಿಲ್ಲ. ಪಾಸ್ಟರ್ ಅದನ್ನು ಈ ಸಲ ಕೈಬಿಡೋಣ ಅಂದುಕೊಂಡಿದ್ದರು. ಆದರೆ ಚರ್ಚಿನ ಎರಡನೇ ಗಂಟೆ ಹೊಡೆಯುವಾಗ ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ತಮ್ಮ ಯಾವತ್ತಿನ ಜಾಗದಲ್ಲಿ ಕೂತರು. ಪಕ್ಕದಲ್ಲಿ ಅಕ್ಕ. ಅಳಿಯ ಬಂದಿರಲಿಲ್ಲ.

ಸಭೆಗೆ ಒಳಗೊಳಗೇ ಕುತೂಹಲ. ಭಾಮೈದನ ಬಗ್ಗೆ ಭಾವನಿಗೆ ಗೊತ್ತಿಲ್ಲದ್ದು ಏನಿರುತ್ತದೆ? ಇವತ್ತು ಬಡ್ಡಿ ಸಮೇತ ತೀರಿಸುತ್ತಾರೆ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಯಾವತ್ತೂ ಹಿಂದೆ ಕೂರುವವರು ಅವತ್ತು ಮುಂದೆ ಬಂದು ಕೂತಿದ್ದರು. ಟೈಲರ್ ತನ್ನ ಬೆಂಚಿನಲ್ಲಿ ಕೈ ಕಟ್ಟಿಕೊಂಡು ಕಾದ. ಹೇಳಲಿ ಅಂತ ಅವನಿಗೂ ಅನ್ನಿಸುತ್ತಿತ್ತು. ಇಸ್ತ್ರಿ ಪೆಟ್ಟಿಗೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಡಲಿ, ಲೆಕ್ಕ ಚುಕ್ತಾ ಆಗಲಿ, ನಾಳೆಯಿಂದ ಅಕ್ಕನ ಮನೆಗೆ ಮತ್ತೆ ಹೋಗುವ ಹಾಗಾಗಲಿ.

ಪಾಸ್ಟರ್ ಕರೆದರು. ಭಾವ ಎದ್ದು ಮುಂದೆ ಹೋಗಿ ನಿಂತರು. ಮೈಕ್ ಮುಟ್ಟಲಿಲ್ಲ. ಗೆದ್ದವರಿಗೆ ಒಳ್ಳೇ ಬುದ್ಧಿ ಕೊಡು, ಮಾರ್ಕೆಟ್ ಹಿಂದಿನ ರಸ್ತೆಗೆ ದೀಪ ಹಾಕಿಸಲಿ ಅಂದರು. ಯಾರೋ ಕೆಮ್ಮು ತಡೆದುಕೊಂಡರು.

"ಕರ್ತನೇ, ನನ್ನ ಭಾಮೈದನ ವಿಷಯ. ನಿನಗೆ ಗೊತ್ತಿದೆ."

ಎಲ್ಲರೂ ಕಾದರು. ಮುಂದೆ ಏನೂ ಬರಲಿಲ್ಲ.

"ಆಮೆನ್" ಅಂದರು ಭಾವ.

ಸಭೆಯ ಆಮೆನ್ ಚೂರುಚೂರಾಗಿ ಬಂತು, ಕೊನೆಯದು ನರ್ಸಮ್ಮನದು. ಭಾವ ವಾಪಸು ಹೋಗುವಾಗ ಟೈಲರ್ ಬೆಂಚಿನ ಪಕ್ಕದಲ್ಲೇ ಹಾದು ಹೋದರು. ಅವರ ಪ್ಯಾಂಟಿನ ಅಂಚು ಅವನ ಮಂಡಿಗೆ ತಗುಲಿತು. ಅವನು ಹೊಲಿದ ಪ್ಯಾಂಟೇ. ಟೈಲರ್ ಕಣ್ಣು ಮುಚ್ಚಿಕೊಂಡೇ ಇದ್ದ. ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾಗಿತ್ತು.

ಹಾಡಿನ ನಂಬರು ಹೇಳಿದರು. ಗಾಯಕರು ಎದ್ದು ನಿಂತ ಸದ್ದಿಗೆ ಕಣ್ಣು ತೆರೆದ. ಎಲ್ಲರ ಮೈಮೇಲೂ ಅವನು ಎರಡನೇ ಸಲ ಹೊಲಿದುಕೊಟ್ಟ ಬಿಳಿ ನಿಲುವಂಗಿಗಳು. ತಲೆಯ ಮೇಲೆ ಭಾವ ಹಾಕಿದ ದೀಪಗಳು, ಒಂದೂ ಮಿಣುಕದೆ ಉರಿಯುತ್ತಿದ್ದವು.